ನೈಟ್ರೊ ಆರ್‌ಸಿ ಎಂಜಿನ್ ಆರಿಸುವಾಗ ಪೆಟ್ಟಿಗೆಯ ಸಣ್ಣ ಅಕ್ಷರಗಳನ್ನು ಓದುವುದು ಹೇಗೆ

ಆರ್‌ಸಿ ಕಾರಿನ, ಅಂದರೆ ರೇಡಿಯೊ ರಿಮೋಟ್‌ನಿಂದ ಓಡಿಸುವ ಪುಟ್ಟ ಮಾದರಿ ಕಾರಿನ, ನೈಟ್ರೊ ಎಂಜಿನ್ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದು ಅಶ್ವಶಕ್ತಿ, ಗರಿಷ್ಠ ಆರ್‌ಪಿಎಂ ಮತ್ತು ಪೋರ್ಟ್‌ಗಳ ಸಂಖ್ಯೆ. ಆಯ್ಕೆಯ ಹೊತ್ತಿಗೆ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಅವೇ. ಶಾಫ್ಟ್ ಯಾವ ಬಗೆಯದು, ಎಕ್ಸಾಸ್ಟ್ ಯಾವ ಕಡೆಗಿದೆ, ಯಾವ ಗ್ಲೋ ಪ್ಲಗ್ ಬೇಕು, ಸ್ಟಾರ್ಟ್ ಮಾಡುವುದು ಹೇಗೆ ಎಂಬ ವಿವರಗಳು ಸಣ್ಣ ಅಕ್ಷರಗಳಲ್ಲಿ ಎಲ್ಲೋ ಮೂಲೆಯಲ್ಲಿರುತ್ತವೆ. ಎಂಜಿನ್ ನಿಮ್ಮ ಕಾರಿನಲ್ಲಿ ಕೂರುತ್ತದೆಯೇ, ಕೂತ ಮೇಲೆ ನಿಮ್ಮ ತಾಳ್ಮೆಗೆ ಒಗ್ಗುತ್ತದೆಯೇ ಎಂಬುದು ಆ ಮೂಲೆಯಲ್ಲಿ ತೀರ್ಮಾನವಾಗುತ್ತದೆ.

ಭಾಗಗಳ ಪರಿಚಯ ಮೊದಲು, ಚುಟುಕಾಗಿ. ಇದು ಎರಡು ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕಿಡಿ ಹಾರಿಸುವ ಪ್ಲಗ್ಗೂ ಇಲ್ಲ. ಕಾರ್ಬ್ಯುರೇಟರ್‌ನಿಂದ ಬಂದ ಗಾಳಿ ಮತ್ತು ಇಂಧನದ ಮಿಶ್ರಣ ಟೊಳ್ಳಾದ ಕ್ರ್ಯಾಂಕ್‌ಶಾಫ್ಟ್‌ನ ಕಿಂಡಿಯ ಮೂಲಕ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಪಿಸ್ಟನ್ ಇಳಿಯುವಾಗ ಅದು ಸ್ಲೀವ್ ಎಂಬ ಸಿಲಿಂಡರಿನ ಒಳಕೊಳವೆಯ ಗೋಡೆಯಲ್ಲಿರುವ ಪೋರ್ಟ್‌ಗಳ, ಅಂದರೆ ಕಿಂಡಿಗಳ ಮೂಲಕ ಮೇಲೇರಿ, ಪಿಸ್ಟನ್ ಮತ್ತೆ ಮೇಲೆ ಬಂದಾಗ ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಳ್ಳುತ್ತದೆ. ಹೊತ್ತಿಸುವುದು ಗ್ಲೋ ಪ್ಲಗ್‌ನೊಳಗಿನ ಪ್ಲಾಟಿನಂ ಸುರುಳಿ. ಶುರುವಿನಲ್ಲಿ ಮಾತ್ರ ಅದಕ್ಕೆ ಸುಮಾರು 1.5 ವೋಲ್ಟ್‌ನ ಇಗ್ನೈಟರ್ ಬೇಕು. ಆಮೇಲೆ ಮೆಥನಾಲ್ ಜೊತೆಗಿನ ಪ್ಲಾಟಿನಂನ ವೇಗವರ್ಧಕ ಕ್ರಿಯೆ ಮತ್ತು ದಹನದ ಶಾಖವೇ ಸುರುಳಿಯನ್ನು ಕೆಂಪಗೆ ಇಡುತ್ತವೆ. 1947ರಲ್ಲಿ ಅಮೆರಿಕದ ರೇ ಆರ್ಡನ್ ಮಾದರಿ ವಿಮಾನಗಳಿಗಾಗಿ ಇಂಥ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ, ಪುಟ್ಟ ಎಂಜಿನ್‌ಗಳು ಕಾಯಿಲ್ ಮತ್ತು ಬ್ಯಾಟರಿಯ ಭಾರವನ್ನು ಕಳಚಿಕೊಂಡವು.

ಗಾತ್ರ: ಚುಕ್ಕೆಯನ್ನು ಗಮನಿಸಿ

ಪಾಯಿಂಟ್ 12, ಪಾಯಿಂಟ್ 15, ಪಾಯಿಂಟ್ 18, ಪಾಯಿಂಟ್ 21, ಪಾಯಿಂಟ್ 28 ಎನ್ನುವುದು ಘನ ಇಂಚಿನ ಲೆಕ್ಕ. ಸಂಖ್ಯೆಯನ್ನು 16.4ರಿಂದ ಗುಣಿಸಿದರೆ ಸಿಸಿ ಸಿಗುತ್ತದೆ. ಹಾಗಾಗಿ ಪಾಯಿಂಟ್ 12 ಎಂದರೆ ಸುಮಾರು 2 ಸಿಸಿ, ಪಾಯಿಂಟ್ 15 ಎಂದರೆ 2.5, ಪಾಯಿಂಟ್ 18 ಎಂದರೆ ಸುಮಾರು 3, ಪಾಯಿಂಟ್ 21 ಎಂದರೆ ಸುಮಾರು 3.5 ಮತ್ತು ಪಾಯಿಂಟ್ 28 ಎಂದರೆ 4.6 ಸಿಸಿ. ಎಲ್ಲ ತಯಾರಕರೂ ಇದೇ ಪದ್ಧತಿಯನ್ನು ಅನುಸರಿಸುವುದಿಲ್ಲ. ಟ್ರ್ಯಾಕ್ಸಾಸ್‌ನ ಟಿಆರ್‌ಎಕ್ಸ್ 3.3 ಎಂಜಿನ್‌ನ ಹೆಸರಿನಲ್ಲಿರುವುದು ಸಿಸಿಯ ಅಂಕಿ. ಅದು ಪಾಯಿಂಟ್ 21ಕ್ಕಿಂತ ತುಸು ಚಿಕ್ಕದೇ ಹೊರತು ಪಾಯಿಂಟ್ 33 ಅಲ್ಲ.

1/10 ಅಳತೆಯ ರಸ್ತೆ ಕಾರಿಗೆ ಪಾಯಿಂಟ್ 12, ಅದೇ ಅಳತೆಯ ಟ್ರಕ್‌ಗಳಿಗೆ ಪಾಯಿಂಟ್ 15 ಅಥವಾ 18, 1/8 ಬಗ್ಗಿಗೆ ಪಾಯಿಂಟ್ 21, ಭಾರಿ ಮಾನ್‌ಸ್ಟರ್ ಟ್ರಕ್‌ಗಳಿಗೆ ಪಾಯಿಂಟ್ 21ರಿಂದ ಮೇಲೆ. ಈ ಹೊಂದಾಣಿಕೆ ರೂಢಿಯಿಂದ ಬಂದದ್ದು, ಅದಕ್ಕೆ ಕಾರಣಗಳೂ ಇವೆ. ಚಿಕ್ಕ ಷಾಸಿಯಲ್ಲಿ ದೊಡ್ಡ ಎಂಜಿನ್ ಕೂರಿಸಿದರೆ ಮೊದಲು ಹೋಗುವುದು ಡಿಫರೆನ್ಷಿಯಲ್, ಆಮೇಲೆ ಡ್ರೈವ್ ಶಾಫ್ಟ್, ಜೊತೆಯಲ್ಲೇ ಕ್ಲಚ್. ಪಂದ್ಯಕ್ಕೆ ಇಳಿಯುವ ಆಲೋಚನೆ ಇದ್ದರೆ ಇಲ್ಲಿ ಆಯ್ಕೆಯೇ ಇಲ್ಲ: 1/8 ತರಗತಿಗೆ 3.5 ಸಿಸಿ ಮಿತಿ, ಇಂಧನದ ಟ್ಯಾಂಕ್‌ಗೆ 125 ಸಿಸಿ ಮಿತಿ.

ಅಶ್ವಶಕ್ತಿಯ ಅಂಕಿಯ ಬಗ್ಗೆ ಒಂದೇ ಮಾತು. ಒಂದೊಂದು ಕಂಪನಿ ಒಂದೊಂದು ಪೈಪ್, ಇಂಧನ ಮತ್ತು ಆರ್‌ಪಿಎಂನಲ್ಲಿ ಅಳೆಯುವುದರಿಂದ, ಎರಡು ಕಂಪನಿಗಳ ಪೆಟ್ಟಿಗೆಗಳ ಅಂಕಿಗಳನ್ನು ಹೋಲಿಸಿ ಕೊಂಡರೆ ಮೋಸಹೋಗುವುದು ಖಚಿತ.

ಪಿಸ್ಟನ್ ಮತ್ತು ಸ್ಲೀವ್: ಎಂಜಿನ್‌ನ ಆಯಸ್ಸು ಇಲ್ಲಿದೆ

ಎಬಿಸಿ, ಎಎಸಿ, ಎಬಿಎನ್ ಎಂಬ ಅಕ್ಷರಗಳು ಲೋಹಗಳ ಪಟ್ಟಿ. ಮೊದಲ ಅಕ್ಷರ ಪಿಸ್ಟನ್‌ನದು, ಅದು ಅಲ್ಯೂಮಿನಿಯಂ. ಎರಡನೆಯದು ಸ್ಲೀವ್‌ನದು: ಬಿ ಇದ್ದರೆ ಹಿತ್ತಾಳೆ, ಎ ಇದ್ದರೆ ಅಲ್ಯೂಮಿನಿಯಂ. ಮೂರನೆಯದು ಸ್ಲೀವ್‌ನ ಒಳಮೈಯ ಲೇಪ: ಸಿ ಎಂದರೆ ಕ್ರೋಮ್, ಎನ್ ಎಂದರೆ ನಿಕೆಲ್.

ಈ ಮೂರೂ ಬಗೆಗಳಲ್ಲಿ ಪಿಸ್ಟನ್‌ಗೆ ರಿಂಗ್ ಇರುವುದಿಲ್ಲ. ಹಾಗಾದರೆ ಒತ್ತಡ ಸೋರದಂತೆ ತಡೆಯುವುದು ಏನು? ಸ್ಲೀವ್‌ನ ಮೇಲ್ಭಾಗ ತುಸು ಕಿರಿದಾಗಿರುತ್ತದೆ. ತಣ್ಣಗಿದ್ದಾಗ ಪಿಸ್ಟನ್ ಮೇಲಿನ ತುದಿಗೆ ಬಂದು ಅಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಬಲ್ಲವರು ಇದನ್ನು ಪಿಂಚ್ ಎನ್ನುತ್ತಾರೆ. ಎಂಜಿನ್ ಬಿಸಿಯಾದಂತೆ ಸ್ಲೀವ್ ಪಿಸ್ಟನ್‌ಗಿಂತ ಹೆಚ್ಚು ಹಿಗ್ಗಿ, ಓಡುವ ಉಷ್ಣತೆಯಲ್ಲಿ ಎರಡರ ನಡುವೆ ಎಣ್ಣೆಯ ಪದರಕ್ಕೆ ಬೇಕಾದಷ್ಟೇ ಜಾಗ ಉಳಿಯುತ್ತದೆ. ಹೊಸ ಎಂಜಿನ್‌ನ ಫ್ಲೈವೀಲ್ ತಿರುಗಿಸಲು ಹೋದಾಗ ಅದು ಮೇಲಿನ ತುದಿಯಲ್ಲಿ ಕಚ್ಚಿ ನಿಂತರೆ ಗಾಬರಿಯಾಗಬೇಕಿಲ್ಲ. ಸಲೀಸಾಗಿ ತಿರುಗಿದರೆ ಗಾಬರಿಯಾಗಬೇಕು.

ಎಬಿಸಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ, ಮೊದಲ ಎಂಜಿನ್‌ಗೆ ಅದೇ ಸಾಕು. ಎಎಸಿ ಹಗುರ, ಶಾಖವನ್ನು ಬೇಗ ಸಾಗಿಸುತ್ತದೆ. ನಿಕೆಲ್ ಲೇಪ ಕ್ರೋಮ್‌ನಷ್ಟು ಗಡಸಲ್ಲ. ಲೀನ್ ಓಟವನ್ನು, ಅಂದರೆ ಗಾಳಿಗೆ ಇಂಧನ ಸಾಲದ ಓಟವನ್ನು, ಮತ್ತು ಧೂಳನ್ನು ಕಡಿಮೆ ಸಹಿಸುತ್ತದೆ. ರಿಂಗ್ ಇರುವ ಪಿಸ್ಟನ್‌ಗಳೂ ಉಂಟು. ಅವು ತಣ್ಣಗಿದ್ದಾಗ ಸುಲಭವಾಗಿ ತಿರುಗುತ್ತವೆ, ಸವೆದರೆ ರಿಂಗ್ ಒಂದನ್ನೇ ಬದಲಿಸಬಹುದು. ಆದರೆ ಕಾರುಗಳ ಚಿಕ್ಕ, ಅತಿ ವೇಗದ ಎಂಜಿನ್‌ಗಳಲ್ಲಿ ಅವು ಅಪರೂಪ. ದೊಡ್ಡ ವಿಮಾನ ಎಂಜಿನ್‌ಗಳಲ್ಲಿ ಮತ್ತು ಪೆಟ್ರೋಲ್ ಎಂಜಿನ್‌ಗಳಲ್ಲಿ ಹೆಚ್ಚು ಕಾಣುತ್ತವೆ.

ಬ್ರೇಕ್-ಇನ್, ಅಂದರೆ ಹೊಸ ಎಂಜಿನ್ನನ್ನು ಪಳಗಿಸುವ ಪದ್ಧತಿಯ ಆಯ್ಕೆಯೂ ಇದೇ ಪಿಂಚ್ ಮೇಲೆ ನಿಂತಿದೆ. ಹಳೆಯ ಪದ್ಧತಿಯಲ್ಲಿ ಇಂಧನ ಅತಿಯಾಗಿ ಹರಿಯುವಂತೆ ಇಟ್ಟು, ಅಂದರೆ ತೀರಾ ರಿಚ್ ಮಾಡಿ, ಎಂಜಿನ್ನನ್ನು ಟ್ಯಾಂಕ್‌ಗಟ್ಟಲೆ ಐಡಲ್‌ನಲ್ಲಿ ಗೊರಗೊರ ಅನ್ನಿಸುತ್ತಾರೆ. ಎಂಜಿನ್ ತಣ್ಣಗೇ ಇರುತ್ತದೆ, ಸ್ಲೀವ್ ಹಿಗ್ಗುವುದೇ ಇಲ್ಲ, ಪಿಸ್ಟನ್ ಪ್ರತಿ ಸುತ್ತಿನಲ್ಲೂ ಕಿರಿದಾದ ಭಾಗಕ್ಕೆ ಉಜ್ಜುತ್ತದೆ. ಉಳಿಸಬೇಕಾದ ಪಿಂಚ್ ಅಲ್ಲೇ ಅರ್ಧ ಕರಗುತ್ತದೆ. ಶಾಖದ ಸುತ್ತುಗಳ ಪದ್ಧತಿಯಲ್ಲಿ ಎಂಜಿನ್ನನ್ನು ಹೇರ್ ಡ್ರೈಯರ್ ಅಥವಾ ಹೀಟರ್‌ನಿಂದ ಮೊದಲೇ ಬೆಚ್ಚಗೆ ಮಾಡಿ, ತುಸು ರಿಚ್ ಇಟ್ಟರೂ ತಲೆಯ (ಸಿಲಿಂಡರ್ ಹೆಡ್‌ನ) ಉಷ್ಣತೆ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪುವಂತೆ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಪಿಸ್ಟನ್ನನ್ನು ಕೆಳತುದಿಯಲ್ಲಿರಿಸಿ ಪೂರ್ತಿ ತಣಿಯಲು ಬಿಡುತ್ತಾರೆ. ನನ್ನ ಮತ ಎರಡನೆಯದಕ್ಕೆ, ಎಂಜಿನ್ ಎಷ್ಟೇ ಅಗ್ಗದ್ದಾಗಿರಲಿ. ಮೇಲಿನ ತುದಿಯಲ್ಲೇ ತಣಿಯಲು ಬಿಟ್ಟರೆ ಸ್ಲೀವ್ ಕುಗ್ಗಿ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ. ಮರುದಿನ ಸ್ಟಾರ್ಟರ್‌ನ ಹಗ್ಗ ಎಳೆದವರ ಕೈಗೆ ಹಗ್ಗದ ತುಂಡು ಮಾತ್ರ ಬರುತ್ತದೆ.

ಪೋರ್ಟ್‌ಗಳು, ಬೇರಿಂಗ್‌ಗಳು ಮತ್ತು ಉಳಿದ ಒಳಾಂಗ

ಸ್ಲೀವ್‌ನಲ್ಲಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್, ಮಿಶ್ರಣ ಒಳಬರುವ ಟ್ರಾನ್ಸ್‌ಫರ್ ಪೋರ್ಟ್‌ಗಳು, ಎಕ್ಸಾಸ್ಟ್‌ನ ಎದುರಿಗೆ ಬೂಸ್ಟ್ ಪೋರ್ಟ್ ಇರುತ್ತವೆ. ಜರ್ಮನ್ ಎಂಜಿನಿಯರ್ ಅಡಾಲ್ಫ್ ಶ್ನ್ಯೂರ್ಲೆ 1920ರ ದಶಕದಲ್ಲಿ ರೂಪಿಸಿದ ವಿನ್ಯಾಸದಿಂದ ಬಂದ ಜೋಡಣೆ ಇದು. ಒಳಬರುವ ಮಿಶ್ರಣ ಎಕ್ಸಾಸ್ಟ್‌ನ ವಿರುದ್ಧ ದಿಕ್ಕಿಗೆ ಬಾಗಿ, ಮೇಲೇರಿ, ಸುತ್ತಿಕೊಂಡು ಬರುವುದರಿಂದ ಹಳೆಯ ಹೊಗೆ ಚೊಕ್ಕವಾಗಿ ಹೊರಬೀಳುತ್ತದೆ. 3 ಪೋರ್ಟ್, 5 ಪೋರ್ಟ್, 7 ಪೋರ್ಟ್ ಎಂದು ಪೆಟ್ಟಿಗೆಗಳು ಕೂಗುತ್ತವೆ. ಸಾಮಾನ್ಯವಾಗಿ ಹೆಚ್ಚು ಪೋರ್ಟ್‌ಗಳ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಚುರುಕು, ಕಡಿಮೆ ಪೋರ್ಟ್‌ಗಳದು ಕೆಳಗಿನ ಎಳೆತದಲ್ಲಿ ಗಟ್ಟಿ. ಆದರೆ ಪೋರ್ಟ್ ಯಾವಾಗ ತೆರೆಯುತ್ತದೆ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಎಣಿಕೆಗಿಂತ ಮುಖ್ಯ, ಅದನ್ನು ಪೆಟ್ಟಿಗೆ ಹೇಳುವುದಿಲ್ಲ.

ಕ್ರ್ಯಾಂಕ್‌ಶಾಫ್ಟ್ ಎರಡು ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಮುಂದಿನದು ಚಿಕ್ಕದು, ಧೂಳು ಬರದಂತೆ ಮುಚ್ಚಿರುತ್ತದೆ. ಹಿಂದಿನದು ದೊಡ್ಡದು, ಇಂಧನದಲ್ಲಿರುವ ಎಣ್ಣೆಯನ್ನೇ ನಂಬಿಕೊಂಡಿರುತ್ತದೆ. ಹಿಂದಿನದಕ್ಕೆ ಸಿರಾಮಿಕ್ ಗುಂಡುಗಳಿದ್ದರೆ ಆ ಗುಂಡುಗಳು ತುಕ್ಕು ಹಿಡಿಯುವುದಿಲ್ಲ. ವಾರಾಂತ್ಯದ ಓಟಗಾರನಿಗೆ ಉಕ್ಕಿನದು ಸಾಕು, ಓಟ ಮುಗಿದ ಮೇಲೆ ಎರಡು ಹನಿ ಆಫ್ಟರ್-ರನ್ ಎಣ್ಣೆ ಹಾಕುವ ಅಭ್ಯಾಸವಿದ್ದರೆ.

ಕಾರ್ಬ್ಯುರೇಟರ್: ರೋಟರಿಯೋ, ಸ್ಲೈಡೋ

ರೋಟರಿಯಲ್ಲಿ ಥ್ರಾಟಲ್ ಒಂದು ತಿರುಗುವ ಉರುಳೆ. ಸ್ಲೈಡ್‌ನಲ್ಲಿ ಅದು ಪಕ್ಕಕ್ಕೆ ನೇರವಾಗಿ ಜಾರುತ್ತದೆ. ರೋಟರಿ ಕಿರಿದಾದ ಜಾಗದಲ್ಲಿ ಕೂರುತ್ತದೆ, ಆರಂಭಿಕರ ಎಂಜಿನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಸ್ಲೈಡ್ ಗಾಳಿಯ ದಾರಿಯನ್ನು ಪೂರ್ತಿಯಾಗಿ ತೆರೆಯುತ್ತದೆ, ಥ್ರಾಟಲ್‌ಗೆ ಹದವಾಗಿ ಸ್ಪಂದಿಸುತ್ತದೆ. ಪಂದ್ಯದ ಎಂಜಿನ್‌ಗಳಲ್ಲಿ ಅದನ್ನೇ ಕಾಣುತ್ತೀರಿ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಾಗ ಸರ್ವೋದ, ಅಂದರೆ ಥ್ರಾಟಲ್ ಎಳೆಯುವ ಪುಟ್ಟ ಮೋಟರಿನ, ಲಿಂಕೇಜನ್ನು ಹೊಸದಾಗಿ ಜೋಡಿಸಬೇಕಾಗುತ್ತದೆ, ಏಕೆಂದರೆ ಎಳೆತದ ದಿಕ್ಕೇ ಬೇರೆ. ಸ್ಲೈಡ್‌ನ ರಬ್ಬರ್ ಬೂಟ್ ಹರಿದರೆ ಧೂಳು ನೇರವಾಗಿ ಒಳಗೆ ಹೋಗುತ್ತದೆ ಎನ್ನುವುದನ್ನು ಮರೆಯುವಂತಿಲ್ಲ.

ಬಗೆಗಿಂತ ಸೂಜಿಗಳ ಸಂಖ್ಯೆ ಹೆಚ್ಚು ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಹೈ-ಸ್ಪೀಡ್ ನೀಡಲ್ ಒಟ್ಟು ಇಂಧನದ ಹರಿವನ್ನು, ಅದರಲ್ಲೂ ಪೂರ್ಣ ಥ್ರಾಟಲ್‌ನಲ್ಲಿ, ನಿಯಂತ್ರಿಸುತ್ತದೆ. ಲೋ-ಸ್ಪೀಡ್ ನೀಡಲ್ ಐಡಲ್‌ನಿಂದ ವೇಗ ಹಿಡಿಯುವವರೆಗಿನ ಹರಿವನ್ನು ನೋಡಿಕೊಳ್ಳುತ್ತದೆ. ಐಡಲ್ ಸ್ಕ್ರೂ ಸೂಜಿಯೇ ಅಲ್ಲ. ಥ್ರಾಟಲ್ ಎಷ್ಟರ ಮಟ್ಟಿಗೆ ಮುಚ್ಚಬಹುದು ಎಂಬುದಕ್ಕೆ ಅದೊಂದು ತಡೆ. ಕೆಲವು ಸ್ಲೈಡ್ ಕಾರ್ಬ್ಯುರೇಟರ್‌ಗಳಲ್ಲಿ ಮಧ್ಯದ ವೇಗಕ್ಕೆ ಮೂರನೆಯ ಸೂಜಿಯೂ ಇರುತ್ತದೆ, ಹೊಸಬರು ಅದನ್ನು ಮುಟ್ಟದಿರುವುದೇ ಲೇಸು. ಎರಡು ಸೂಜಿಗಳಿರುವ ಕಾರ್ಬ್ಯುರೇಟರ್ ಕಲಿಯಲು ತಕ್ಕದ್ದು. ಒಂದೇ ಸೂಜಿಯ ತೀರಾ ಸರಳ ಎಂಜಿನ್ ಸುಲಭವೆಂದು ತೋರುತ್ತದೆ, ಆದರೆ ಕೆಳವೇಗದಲ್ಲಿ ತೊಡಕು ಬಂದಾಗ ಸರಿಪಡಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಸೂಜಿಯನ್ನು ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ತಿರುಗಿಸಿದರೆ ರಿಚ್. ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬೇಡ, ಪ್ರತಿ ಬದಲಾವಣೆಯ ನಂತರ ಒಂದೆರಡು ಸುತ್ತು ಓಡಿಸಿ ನೋಡಬೇಕು. ಮೊದಲು ಹೈ-ಸ್ಪೀಡ್, ನಂತರ ಲೋ-ಸ್ಪೀಡ್, ಕೊನೆಗೆ ಐಡಲ್. ಲೋ-ಸ್ಪೀಡ್ ಸರಿಯಿದೆಯೇ ಎಂದು ತಿಳಿಯಲು, ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬ್ಯುರೇಟರ್ ಹತ್ತಿರ ಇಂಧನದ ನಳಿಕೆಯನ್ನು ಚಿವುಟಿ ಹಿಡಿಯಿರಿ. ಎರಡು ಮೂರು ಸೆಕೆಂಡು ಓಡಿ, ವೇಗ ತುಸು ಏರಿ ನಿಂತರೆ ಹದವಾಗಿದೆ. ಹಿಡಿದ ಕೂಡಲೇ ನಿಂತರೆ ಲೀನ್. ಬಹಳ ಹೊತ್ತು ತೆವಳಿದರೆ ರಿಚ್. ಥರ್ಮಾಮೀಟರ್ ಗನ್ ಇದ್ದರೆ ತಲೆಯ ಉಷ್ಣತೆ ನೋಡಿ: ಹೆಚ್ಚಿನ ಎಂಜಿನ್‌ಗಳು 95ರಿಂದ 125 ಡಿಗ್ರಿ ಸೆಲ್ಸಿಯಸ್ ನಡುವೆ ಓಡುತ್ತವೆ. ಆದರೂ ಉಷ್ಣತೆ ಸಾಕ್ಷಿ ಮಾತ್ರ. ವೇಗ ಹಿಡಿಯುವಾಗ ಪೈಪ್‌ನಿಂದ ನೀಲಿ ಹೊಗೆಯ ಎಳೆ ಕಾಣದಿದ್ದರೆ, ಅಂಕಿ ಏನೇ ಹೇಳಲಿ, ಎಂಜಿನ್‌ಗೆ ಎಣ್ಣೆ ಸಾಲುತ್ತಿಲ್ಲ. ಲೀನ್ ಓಡುವ ಎಂಜಿನ್ ಕೇಳಲು ಚೆಂದ, ಚುರುಕೂ ಹೌದು, ಅಷ್ಟರಲ್ಲೇ ತನ್ನನ್ನು ತಾನು ತಿನ್ನುತ್ತಿರುತ್ತದೆ.

ಗಾಳಿಯ ಬಾಯಿಗೆ ಹಾಕುವ ಇನ್ಸರ್ಟ್‌ಗಳ ವ್ಯಾಸ ಮಿಲಿಮೀಟರ್‌ಗಳಲ್ಲಿರುತ್ತದೆ. ಚಿಕ್ಕದು ಹಾಕಿದರೆ ಕೆಳವೇಗದ ಎಳೆತ ಮತ್ತು ಇಂಧನದ ಉಳಿತಾಯ, ದೊಡ್ಡದಕ್ಕೆ ಉದ್ದನೆಯ ನೇರ ದಾರಿಯ ವೇಗ. ಹೊಸ ಚಾಲಕ ಚಿಕ್ಕದರಲ್ಲೇ ಬೇಗ ಸುತ್ತು ಮುಗಿಸುತ್ತಾನೆ.

ಗ್ಲೋ ಪ್ಲಗ್: ಸಾಧಾರಣ, ಟರ್ಬೊ

ಸಾಧಾರಣ ಪ್ಲಗ್‌ಗೆ ತಾಮ್ರದ ವಾಷರ್ ಇರುತ್ತದೆ. ಒತ್ತಡ ಸೋರದಂತೆ ತಡೆಯುವುದು ಅದೇ. ಟರ್ಬೊ ಪ್ಲಗ್‌ನ ತುದಿ ಇಳಿಜಾರಾಗಿದ್ದು, ತಲೆಯೊಳಗಿನ ಹೆಡ್ ಬಟನ್‌ಗೆ ನೇರವಾಗಿ ಒತ್ತಿಕೊಳ್ಳುತ್ತದೆ. ಟರ್ಬೊದಲ್ಲಿ ಸೋರಿಕೆ ಕಡಿಮೆ, ದಹನ ಕೋಣೆಯ ಒಳಮೈ ಹೆಚ್ಚು ನಯ. ಆದರೆ ಒಂದರ ಬಟನ್‌ಗೆ ಇನ್ನೊಂದರ ಪ್ಲಗ್ ಕೂರುವುದಿಲ್ಲ. ಎಂಜಿನ್ ಕೊಳ್ಳುವಾಗಲೇ ಯಾವ ಬಗೆಯ ಪ್ಲಗ್ ನಿಮಗೆ ಸುಲಭವಾಗಿ ಸಿಗುತ್ತದೆ ಎಂದು ನೋಡಿಕೊಳ್ಳಿ. ಪ್ಲಗ್ ಬಳಸಿ ಬಿಸಾಡುವ ವಸ್ತು, ಮೈದಾನಕ್ಕೆ ಹೋಗುವಾಗ ಪೆಟ್ಟಿಗೆಯಲ್ಲಿ ಒಂದೆರಡು ಹೆಚ್ಚಿಗೆ ಇರಲೇಬೇಕು.

ಬಿಸಿ ಪ್ಲಗ್, ತಣ್ಣನೆಯ ಪ್ಲಗ್ ಎಂಬುದು ಸುರುಳಿ ಶಾಖವನ್ನು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂಬುದರ ಅಳತೆ. ಎಂಜಿನ್ ಚಿಕ್ಕದಾದಷ್ಟೂ, ನೈಟ್ರೊ ಪ್ರಮಾಣ ಕಡಿಮೆಯಾದಷ್ಟೂ, ಹವೆ ತಂಪಾದಷ್ಟೂ ಬಿಸಿ ಪ್ಲಗ್‌ನತ್ತ ಹೋಗಬೇಕು. ಇವು ತಿರುಗುಮುರುಗಾದರೆ ತಣ್ಣನೆಯದು. ತಯಾರಕರ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಕೈಪಿಡಿ ಹೇಳಿದ ಪ್ಲಗ್‌ನಿಂದ ಶುರುಮಾಡುವುದೇ ಸರಿ. ಬಿಚ್ಚಿದ ಪ್ಲಗ್‌ನ ಸುರುಳಿ ಒದ್ದೆಯಾಗಿ ಹೊಳೆಯುತ್ತಿದ್ದರೆ ಮಿಶ್ರಣ ರಿಚ್. ಸುರುಳಿ ಸೊಟ್ಟಗಾಗಿ ಒಳಕ್ಕೆ ಕುಸಿದಿದ್ದರೆ ಲೀನ್ ಓಟವಿರಬಹುದು, ಇಲ್ಲವೇ ತಲೆಯ ಕೆಳಗೆ ಶಿಮ್ (ತೆಳ್ಳನೆಯ ಲೋಹದ ಬಳೆ) ಸಾಲದೆ ಒತ್ತಡ ಅತಿಯಾಗಿರಬಹುದು. ನೈಟ್ರೊ ಪ್ರಮಾಣ ಹೆಚ್ಚಿಸುವವರು ತೆಳುವಾದ ಶಿಮ್ ಒಂದನ್ನು ಸೇರಿಸುವುದು ಇದಕ್ಕೇ.

ಸ್ಟಾರ್ಟ್ ಮಾಡುವ ಬಗೆ

ಪುಲ್ ಸ್ಟಾರ್ಟರ್ ಎಂದರೆ ಹಿಂಬದಿಯ ಹಗ್ಗ. ಬೇರೇನೂ ಹೊರಬೇಕಿಲ್ಲ, ಆದರೆ ಪಿಂಚ್ ಗಟ್ಟಿಯಾಗಿರುವ ಹೊಸ ಎಂಜಿನ್ ಎದುರು ಅದು ದುರ್ಬಲ, ಅದರ ಒಮ್ಮುಖ ಬೇರಿಂಗ್ ಕಾಲಾಂತರದಲ್ಲಿ ಜಾರತೊಡಗುತ್ತದೆ. ಹಿಂದಿನಿಂದ ಕಡ್ಡಿ ತೂರಿಸಿ ತಿರುಗಿಸುವ ವಿದ್ಯುತ್ ಸ್ಟಾರ್ಟರ್ ಕೈಗೆ ಸುಖ. ತೊಂದರೆಯೆಂದರೆ ಇಂಧನ ತುಂಬಿ ಸಿಕ್ಕಿಹಾಕಿಕೊಂಡ ಎಂಜಿನ್ನನ್ನೂ ಅದು ಬಲವಂತವಾಗಿ ತಿರುಗಿಸಲು ನೋಡುತ್ತದೆ, ಕನೆಕ್ಟಿಂಗ್ ರಾಡ್ ಬಾಗುವುದು ಆಗಲೇ. ಅಂಥ ಹೊತ್ತಿನಲ್ಲಿ ಪ್ಲಗ್ ಬಿಚ್ಚಿ, ಕಾರನ್ನು ತಲೆಕೆಳಗು ಮಾಡಿ ಇಂಧನ ಹೊರಚೆಲ್ಲಿದ ನಂತರವೇ ತಿರುಗಿಸಬೇಕು. ಸ್ಟಾರ್ಟರ್ ಬಾಕ್ಸ್ ಮೇಲೆ ಕಾರನ್ನು ಒತ್ತಿದರೆ ರಬ್ಬರ್ ಚಕ್ರ ಷಾಸಿಯ ಕಿಂಡಿಯ ಮೂಲಕ ಫ್ಲೈವೀಲನ್ನು ತಿರುಗಿಸುತ್ತದೆ. ಎಂಜಿನ್‌ನ ಹಿಂಬದಿ ಪೂರ್ತಿ ಮುಚ್ಚಿರುವುದರಿಂದ ಗಾಳಿ ಸೋರುವ ಜಾಗ ಕಡಿಮೆ, ತೂಕವೂ ಕಡಿಮೆ. ಪಂದ್ಯಕ್ಕೆ ಇದೇ ದಾರಿ. ನಿಮ್ಮ ಷಾಸಿಯಲ್ಲಿ ಆ ಕಿಂಡಿ ಇದೆಯೇ ಎಂದು ಮೊದಲು ತಿರುಗಿಸಿ ನೋಡಿ.

ಶಾಫ್ಟ್, ಎಕ್ಸಾಸ್ಟ್, ಪೈಪ್

ಕ್ರ್ಯಾಂಕ್‌ಶಾಫ್ಟ್‌ನ ಹೊರತುದಿ ಎಲ್ಲ ಎಂಜಿನ್‌ಗಳಲ್ಲೂ ಒಂದೇ ರೀತಿಯದಲ್ಲ. ಸಾಧಾರಣ ಥ್ರೆಡ್‌ನ ಶಾಫ್ಟ್, ಎಸ್‌ಜಿ ಶಾಫ್ಟ್ ಎಂದು ಬೇರೆ ಬೇರೆ ಬಗೆಗಳಿವೆ. ಫ್ಲೈವೀಲ್, ಅದನ್ನು ಕಚ್ಚಿ ಹಿಡಿಯುವ ಕಾಲೆಟ್, ಕ್ಲಚ್ ನಟ್ ಮೂರೂ ಅದಕ್ಕೆ ತಕ್ಕವೇ ಆಗಬೇಕು. ಹಳೆಯ ಎಂಜಿನ್ ತೆಗೆದು ಹೊಸದು ಕೂರಿಸುವವರು ಎಡವುವುದು ಇಲ್ಲೇ. ಎಕ್ಸಾಸ್ಟ್ ಹಿಂದಕ್ಕೋ ಪಕ್ಕಕ್ಕೋ ಎಂಬುದನ್ನು ಷಾಸಿ ನಿರ್ಧರಿಸುತ್ತದೆ, ನಿಮ್ಮ ಇಷ್ಟ ಅಲ್ಲಿ ನಡೆಯುವುದಿಲ್ಲ.

ಟ್ಯೂನ್ಡ್ ಪೈಪ್ ಬರಿಯ ಹೊಗೆ ಕೊಳವೆಯಲ್ಲ. ಅದರ ಅಗಲವಾಗುವ ಭಾಗ ಹೊಗೆಯನ್ನು ಹೊರಗೆ ಸೆಳೆಯುತ್ತದೆ. ಮುಂದೆ ಕಿರಿದಾಗುವ ಭಾಗ ಒತ್ತಡದ ಅಲೆಯನ್ನು ಹಿಂದಕ್ಕೆ ಕಳುಹಿಸಿ, ತಪ್ಪಿಸಿಕೊಳ್ಳಲು ಹೊರಟ ತಾಜಾ ಮಿಶ್ರಣವನ್ನು ಮತ್ತೆ ಒಳಗೆ ತಳ್ಳುತ್ತದೆ. ಉದ್ದನೆಯ ಪೈಪ್ ಕೆಳವೇಗಕ್ಕೆ, ಗಿಡ್ಡದು ಮೇಲ್ವೇಗಕ್ಕೆ ಒದಗುತ್ತದೆ. ಪೈಪ್ ಮೇಲೆ ಕೊರೆದ ಎಫ್ರಾ ಸಂಖ್ಯೆ ಯುರೋಪಿನ ಆರ್‌ಸಿ ಕಾರು ಒಕ್ಕೂಟದ ಅನುಮೋದನೆಯ ಸಂಖ್ಯೆ. ದೊಡ್ಡ ಸಂಖ್ಯೆಗೆ ಹೆಚ್ಚು ಶಕ್ತಿ ಎಂದೇನೂ ಇಲ್ಲ.

ಇಂಧನ

ಮೆಥನಾಲ್, ನೈಟ್ರೊಮೀಥೇನ್, ಎಣ್ಣೆ, ಈ ಮೂರೂ ಸೇರಿ ಇಂಧನ. ನೈಟ್ರೊಮೀಥೇನ್ ತನ್ನೊಳಗೇ ಆಮ್ಲಜನಕ ಹೊತ್ತಿರುತ್ತದೆ: ಒಂದು ಪಾಲು ಮೆಥನಾಲ್ ಉರಿಯಲು ತೂಕದಲ್ಲಿ ಸುಮಾರು 6.4 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 1.7 ಪಾಲು ಸಾಕು. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಉರಿಸಬಹುದಾದ್ದರಿಂದ ಶಕ್ತಿ ಹೆಚ್ಚು, ಐಡಲ್ ಸ್ಥಿರ. ಕಾರುಗಳಲ್ಲಿ 16ರಿಂದ 25 ಶೇಕಡಾ ಸಾಮಾನ್ಯ, 30ರವರೆಗೂ ಹೋಗುವವರಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ಸಾಮಾನ್ಯ ಗ್ರಾಹಕರಿಗೆ ಪರವಾನಗಿಯಿಲ್ಲದೆ 16 ಶೇಕಡಾಕ್ಕಿಂತ ಹೆಚ್ಚಿನದು ಸಿಗುವುದಿಲ್ಲ. ವಾರಾಂತ್ಯದ ಓಟಕ್ಕೆ ಆ 16 ಧಾರಾಳವಾಯಿತು.

ಎಣ್ಣೆಯನ್ನು ನೈಟ್ರೊಗಿಂತ ಹೆಚ್ಚು ಗಮನದಿಂದ ಓದಬೇಕು. ಹರಳೆಣ್ಣೆ ಅತಿ ಶಾಖದಲ್ಲೂ ಲೋಹಕ್ಕೆ ಅಂಟಿಕೊಂಡು ಕಾಯುತ್ತದೆ, ಆದರೆ ಅಂಟು ಉಳಿಸುತ್ತದೆ. ಸಿಂಥೆಟಿಕ್ ಎಣ್ಣೆ ಚೊಕ್ಕ, ಲೀನ್ ಓಟದಲ್ಲಿ ಮಾತ್ರ ಬೇಗ ಸೋಲುತ್ತದೆ. ಎರಡೂ ಬೆರೆತದ್ದು ಹೊಸಬರಿಗೆ ಸೂಕ್ತ. ವಿಮಾನದ ಇಂಧನವನ್ನು ಕಾರಿಗೆ ಹಾಕಬೇಡಿ, ಅದರ ಪ್ರಮಾಣಗಳೇ ಬೇರೆ. ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಗಾಳಿಯ ತೇವವನ್ನೂ ಹೀರುವುದರಿಂದ ಕ್ಯಾನ್‌ನ ಮುಚ್ಚಳ ಸದಾ ಬಿಗಿಯಾಗಿರಲಿ.

ಹೊಸದೋ, ಬಳಸಿದ್ದೋ

ಬಳಸಿದ ಎಂಜಿನ್ ನೋಡುವಾಗ ಮಾರುವವರ ಮಾತಿಗಿಂತ ಫ್ಲೈವೀಲ್ ಹೆಚ್ಚು ಹೇಳುತ್ತದೆ. ತಣ್ಣಗಿರುವಾಗ, ಪ್ಲಗ್ ಬಿಚ್ಚಿ, ಕೈಯಿಂದ ನಿಧಾನವಾಗಿ ತಿರುಗಿಸಿ. ಮೇಲಿನ ತುದಿಯಲ್ಲಿ ಬಿಗಿತ ಸಿಗಬೇಕು. ಸಿಗದಿದ್ದರೆ ಪಿಸ್ಟನ್ ಮತ್ತು ಸ್ಲೀವ್ ಸವೆದಿವೆ, ಆ ಜೋಡಿಯ ಖರ್ಚು ಸೇರಿಸಿ ಲೆಕ್ಕಹಾಕಿ. ಪಿಸ್ಟನ್ನನ್ನು ಕೆಳತುದಿಯಲ್ಲಿಟ್ಟು ಫ್ಲೈವೀಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಎಂದರೆ ಕನೆಕ್ಟಿಂಗ್ ರಾಡ್‌ನ ಬುಷಿಂಗ್ ಹೋಗಿದೆ. ತಿರುಗುವಾಗ ಗರಗರ ಸದ್ದು ಬಂದರೆ ಬೇರಿಂಗ್. ಎಕ್ಸಾಸ್ಟ್ ಕಿಂಡಿಯಿಂದ ದೀಪ ಹಿಡಿದು ಪಿಸ್ಟನ್‌ನ ಪಕ್ಕವನ್ನು ನೋಡಿ: ಉದ್ದಕ್ಕೆ ಗೀರುಗಳಿದ್ದರೆ ಏರ್ ಫಿಲ್ಟರ್‌ಗೆ ಎಣ್ಣೆ ಹಾಕದೆ ಧೂಳಿನಲ್ಲಿ ಓಡಿಸಿದ್ದಾರೆ, ಅಂಥದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ. ಬೇರಿಂಗ್ ಮಾತ್ರ ಹೋಗಿ ಪಿಂಚ್ ಗಟ್ಟಿಯಾಗಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಬಹುದು. ಕ್ರ್ಯಾಂಕ್‌ಕೇಸನ್ನು ಓವನ್‌ನಲ್ಲಿ ಬಿಸಿಮಾಡಿದರೆ ಹಳೆಯ ಬೇರಿಂಗ್ ಸಡಿಲಗೊಂಡು ಹೊರಬರುತ್ತದೆ, ಕ್ರ್ಯಾಂಕ್‌ಕೇಸ್ ಬಿಸಿಯಾಗಿರುವಾಗಲೇ ಹೊಸದನ್ನು ಕೂರಿಸಬೇಕು. ಅಡುಗೆಗೆ ಬಳಸುವ ಓವನ್ ಮಾತ್ರ ಬೇಡ.